ಕನಸಿನಲ್ಲಿ ಅಜ್ಜ ಜರ್ಮನ್ ಮಾತನಾಡುತ್ತಾರೆ: ಇದಕ್ಕೆ ಅರ್ಥವಿದೆಯೇ?

ಪ್ರಶ್ನೆ: ಕಾರವಾರದಿಂದ

ನಾನು ಕಾರವಾರದವಳು, ವೃತ್ತಿಯಲ್ಲಿ ನರ್ಸ್. ಜರ್ಮನಿಯಲ್ಲಿ ಕೆಲಸಕ್ಕೆ ಸೇರುವ ಉದ್ದೇಶದಿಂದ ಜರ್ಮನ್ ಕಲಿಯುತ್ತಿದ್ದೇನೆ, ಬಿ1 ಎಂಬ ಮಧ್ಯಮ ಹಂತದ ಭಾಷಾ ಪರೀಕ್ಷೆ ಹತ್ತಿರವಾಗಿದೆ. ನಮ್ಮ ಮನೆಮಾತು ಕೊಂಕಣಿ, ಶಾಲೆಯಲ್ಲಿ ಓದಿದ್ದು ಕನ್ನಡ, ನೌಕಾನೆಲೆಯ ಕಡೆಯ ಕುಟುಂಬಗಳು ಆಸ್ಪತ್ರೆಗೆ ಬಂದರೆ ಹಿಂದಿ. ಹೀಗೆ ಹಲವು ಭಾಷೆಗಳ ನಡುವೆಯೇ ಬೆಳೆದವಳಾದರೂ ಈಗ ಬೀಳುತ್ತಿರುವ ಕನಸುಗಳು ನನ್ನನ್ನು ಕಾಡುತ್ತಿವೆ. ಬದುಕಿನುದ್ದಕ್ಕೂ ಕೊಂಕಣಿ ಬಿಟ್ಟು ಬೇರೆ ಮಾತನಾಡದಿದ್ದ, ಈಗ ತೀರಿಹೋಗಿರುವ ನಮ್ಮ ಅಜ್ಜ ಕೋಡಿಬಾಗದ ಮನೆಯ ಜಗುಲಿಯಲ್ಲಿ ಕುಳಿತು ನನ್ನೊಡನೆ ಜರ್ಮನ್ ಮಾತನಾಡುತ್ತಾರೆ, ನಾನೂ ಒಂದಿಷ್ಟೂ ತಡವರಿಸದೆ ಉತ್ತರ ಕೊಡುತ್ತೇನೆ. ಎಚ್ಚರದಲ್ಲಿ ನನಗೆ ಅಷ್ಟು ಬರುವುದಿಲ್ಲ. ಬೆಳಗಿನ ಜಾವದ ಕನಸು ಸುಮ್ಮನೆ ಬೀಳುವುದಿಲ್ಲ, ಹಿರಿಯರಿಗೆ ಏನೋ ಹೇಳುವುದಿದೆ ಎಂಬುದು ಆಯಿಯ ಮಾತು. ಭಾಷೆ ನನಗೆ ಒಗ್ಗಿತೆಂದು ತಿಳಿಯಬೇಕೇ, ಅಥವಾ ಮನೆಮಾತು ನನ್ನೊಳಗಿನಿಂದ ಸರಿದುಹೋಗುತ್ತಿದೆಯೇ?

ಉತ್ತರ: ಶಿರಸಿಯಿಂದ

ತಂಗಿ, ಮೊದಲು ಬೆಳಗಿನ ಜಾವದ ವಿಷಯ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್, ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ವೇಗವಾಗಿ ಓಡಾಡುವ ಒಂದು ನಿದ್ರೆಯ ಹಂತವನ್ನು ವಿವರಿಸಿದರು; ಅದಕ್ಕೆ ರೆಮ್ ನಿದ್ರೆ ಎನ್ನುತ್ತಾರೆ. ಆ ಹಂತದಲ್ಲಿ ಎಬ್ಬಿಸಿದವರು ಬಹುಪಾಲು ಸಲ ಕನಸನ್ನು ವಿವರವಾಗಿ ಹೇಳಬಲ್ಲರು. ಸುಮಾರು 90 ನಿಮಿಷಗಳಿಗೊಮ್ಮೆ ಮರಳಿ ಬರುವ ಈ ಹಂತ ರಾತ್ರಿ ಕಳೆದಂತೆ ದೀರ್ಘವಾಗುತ್ತ ಹೋಗುವುದರಿಂದ ನಸುಕಿನಲ್ಲಿ ಕನಸುಗಳು ಹೆಚ್ಚು, ಅಲ್ಲಿಂದಲೇ ಎಚ್ಚರವಾಗುವುದರಿಂದ ಅವು ನೆನಪಿನಲ್ಲಿಯೂ ಉಳಿಯುತ್ತವೆ. ನಿಮ್ಮ ಆಯಿ ಗಮನಿಸಿದ್ದು ಸರಿಯಾಗಿಯೇ ಇದೆ, ಕಾರಣ ಮಾತ್ರ ಬೇರೆ.

ಇನ್ನು ತಡವರಿಸದೆ ಮಾತನಾಡಿದ್ದು. ರೆಮ್ ನಿದ್ರೆಯಲ್ಲಿ ಮಿದುಳಿನ ಮುಂಭಾಗದ ಕೆಲವು ಪ್ರದೇಶಗಳು, ಅಂದರೆ ನಾವು ಮಾಡಿದ್ದು ಸರಿಯೇ ತಪ್ಪೇ ಎಂದು ತೂಗಿ ನೋಡುವ ಕೆಲಸದಲ್ಲಿ ಪಾಲುಳ್ಳ ಪ್ರದೇಶಗಳು, ಎಚ್ಚರದಲ್ಲಿರುವಷ್ಟು ಚುರುಕಾಗಿರುವುದಿಲ್ಲ. ತಿದ್ದುವವರೇ ಇಲ್ಲದಿರುವಾಗ ಆಡಿದ್ದೆಲ್ಲ ನಿರರ್ಗಳವೆಂದೇ ತೋರುತ್ತದೆ. ಆದ್ದರಿಂದ ಕನಸಿನ ಸರಾಗತೆಯನ್ನು ಪರೀಕ್ಷೆಯ ಸಿದ್ಧತೆಗೆ ಅಳತೆಯಾಗಿ ಇಟ್ಟುಕೊಳ್ಳಬೇಡಿ.

ಉತ್ತರ: ಭಟ್ಕಳ, ಈಗ ದುಬೈ

ಮೇಲಿನ ಶಿರಸಿಯವರು ನಿದ್ರೆಯ ಬಗ್ಗೆ ಬರೆದಿದ್ದನ್ನು ಒಪ್ಪುತ್ತೇನೆ, ಆದರೆ ತಂಗಿಯ ಎರಡನೆಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ನಮ್ಮ ಮನೆಮಾತು ನವಾಯತಿ. ಗಲ್ಫ್‌ಗೆ ಬಂದ ಹೊಸತರಲ್ಲಿ ಭಟ್ಕಳದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ನನ್ನ ತಾಯಿ ಅರಬ್ಬಿ ಮಾತನಾಡುವ ಕನಸು ಮೇಲಿಂದ ಮೇಲೆ ಬೀಳುತ್ತಿತ್ತು. ಅದು ಬಾಲ್ಯದಲ್ಲಿ ಮದರಸಾದಲ್ಲಿ ಕಂಠಪಾಠ ಮಾಡಿದ ಅರಬ್ಬಿಯಾಗಿರಲಿಲ್ಲ; ಗಿರಾಕಿಗಳು ಬೆಲೆ ಕೇಳುವ, ಚೌಕಾಶಿ ಮಾಡುವ, ಹಗಲೆಲ್ಲ ಅಂಗಡಿಯಲ್ಲಿ ನಾನು ಹೆಣಗಾಡುತ್ತಿದ್ದ ಅರಬ್ಬಿ. ಕೆಲಸಕ್ಕೆ ಬೇಕಾದಷ್ಟು ಮಾತು ಕೈಗೆ ಹತ್ತಿದ ಮೇಲೆ ತಾಯಿ ಕನಸಿನಲ್ಲಿ ಮತ್ತೆ ನವಾಯತಿಯನ್ನೇ ಆಡತೊಡಗಿದರು. ಮನೆಯ ಜನ ಯಾವ ಭಾಷೆಯಲ್ಲಿ ಬಂದರು ಎನ್ನುವುದು ಆಗ ನನ್ನ ಮನಸ್ಸು ಯಾವುದರಲ್ಲಿ ತೊಡಗಿತ್ತು ಎಂಬುದನ್ನಷ್ಟೇ ತೋರಿಸುತ್ತಿತ್ತು ಎಂದು ನಾನು ನಂಬಿದ್ದೇನೆ. ಊರು ಬಿಡುವ ಯೋಚನೆ, ಪರೀಕ್ಷೆಯ ಭಯ, ಅಜ್ಜನ ನೆನಪು ಈ ಮೂರೂ ನಿಮ್ಮಲ್ಲಿ ಒಟ್ಟಿಗೆ ಇರುವಾಗ ಅವರು ಜರ್ಮನ್ ಆಡಿದ್ದರಲ್ಲಿ ಆಶ್ಚರ್ಯವಿಲ್ಲ. ಕೊಂಕಣಿ ಎಲ್ಲಿಗೂ ಹೋಗುವುದಿಲ್ಲ.

ಉತ್ತರ: ಕುಮಟಾದಿಂದ

ಒಂದು ಮಾತನ್ನು ಸೇರಿಸುತ್ತೇನೆ. ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಡಿ ಕೊನಿಂಕ್ ಮತ್ತು ಸಂಗಡಿಗರು, ಫ್ರೆಂಚ್ ಭಾಷೆಯನ್ನು ತೀವ್ರವಾಗಿ ಕಲಿಯುತ್ತಿದ್ದ ವಿದ್ಯಾರ್ಥಿಗಳ ನಿದ್ರೆಯನ್ನು ಅಭ್ಯಾಸ ಮಾಡಿದ್ದರು. ಹೆಚ್ಚು ಪ್ರಗತಿ ತೋರಿದವರಲ್ಲಿ ರೆಮ್ ನಿದ್ರೆಯ ಪಾಲು ಏರಿತ್ತು, ಫ್ರೆಂಚ್ ಅವರ ಕನಸುಗಳಲ್ಲಿ ಬೇಗ ಕಾಣಿಸಿಕೊಂಡಿತ್ತು. ಅಭ್ಯಾಸಕ್ಕೆ ಒಳಪಟ್ಟವರು ಕೆಲವೇ ಮಂದಿ. ಕನಸಿನಿಂದ ಕಲಿಕೆಯೋ, ಕಲಿಕೆಯಿಂದ ಕನಸೋ ಎಂಬುದು ಅದರಿಂದ ತೀರ್ಮಾನವಾಗುವುದಿಲ್ಲ. ಆದರೂ ನಿಮ್ಮ ಸ್ಥಿತಿಯಲ್ಲಿರುವವರಿಗೆ ಅದು ಧೈರ್ಯ ಕೊಡುವ ಸಂಗತಿ ಎಂದು ನನಗೆ ಅನಿಸುತ್ತದೆ.

ಪರೀಕ್ಷಿಸಿ ನೋಡಬೇಕೆಂದಿದ್ದರೆ ತಲೆದಿಂಬಿನ ಹತ್ತಿರ ಒಂದು ಪುಸ್ತಕ ಇಟ್ಟುಕೊಂಡು, ಎಚ್ಚರವಾದ ಕೂಡಲೇ, ಮೊಬೈಲ್ ಮುಟ್ಟುವ ಮೊದಲು, ಅಜ್ಜ ಆಡಿದ ವಾಕ್ಯವನ್ನು ಕೇಳಿಸಿದಂತೆಯೇ ಬರೆದಿಡಿ. ತಡ ಮಾಡಿದರೆ ಭಾವ ಉಳಿದು ಶಬ್ದಗಳು ಅಳಿಸಿಹೋಗುತ್ತವೆ. ಬರೆದದ್ದನ್ನು ನಿಮ್ಮ ಜರ್ಮನ್ ಶಿಕ್ಷಕರಿಗೆ ತೋರಿಸಿ. ಅದು ವ್ಯಾಕರಣಬದ್ಧ ವಾಕ್ಯವೋ, ಪಾಠದಲ್ಲಿ ಕೇಳಿದ ತುಣುಕುಗಳ ಜೋಡಣೆಯೋ ಎಂಬುದನ್ನು ಅವರು ಹೇಳಬಲ್ಲರು.