ಚೆಕ್ ಎಂಜಿನ್ ಲೈಟ್ ಮಿನುಗ್ತಿದೆ, ಗಾಡಿ ನಡುಗ್ತಿದೆ

ಸೆಕೆಂಡ್ ಹ್ಯಾಂಡ್ ಟು-ಸೀಟರ್ ಕಾರು, ಟರ್ಬೊ ಪೆಟ್ರೋಲ್, ನಾಲ್ಕು ಸಿಲಿಂಡರ್. ನೆಲಮಂಗಲ ದಾಟಿ ಓವರ್‌ಟೇಕ್‌ಗೆ ಅಂತ ಆಕ್ಸಿಲರೇಟರ್ ಒತ್ತಿದ್ದೇ ತಡ, ಗಡಗಡ ನಡುಗಿ ಪಿಕಪ್ಪೇ ಹೋಯ್ತು. ಈಗ ಐಡ್ಲಿಂಗಲ್ಲೂ ಅದೇ ನಡುಕ, ಲೈಟ್ ಮಿಣುಕ್ ಮಿಣುಕ್. ಸ್ಕ್ಯಾನರ್‌ನಲ್ಲಿ ಪಿ0302 ಅನ್ನೋ ಎರರ್ ಕೋಡ್. ಗ್ಯಾರೇಜಿನವ್ರು ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸೋದು) ಸೆಟ್ಟೇ ಬದಲಾಯಿಸ್ಬೇಕು ಅಂತಾರೆ. ನಂಬ್ಲಾ?

ಉತ್ತರ: ಸದ್ಯಕ್ಕೆ ಬೇಡ ಗುರು. ಪಿ0302 ಅಂದ್ರೆ ಎರಡನೇ ಸಿಲಿಂಡರ್ ಮಿಸ್‌ಫೈರ್, ಅಂದ್ರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ, ಅಷ್ಟೇ. ಯಾಕೆ ಅಂತ ಕೋಡ್ ಹೇಳಲ್ಲ. ಎರಡನೇದರ ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡೋದು) ಮೂರಕ್ಕೆ, ಮೂರರದ್ದು ಎರಡಕ್ಕೆ ಹಾಕಿ, ಕೋಡ್ ಅಳಿಸಿ ಸ್ಟಾರ್ಟ್ ಮಾಡಿ. ಪಿ0303 ಬಂದ್ರೆ, ಅಂದ್ರೆ ಮಿಸ್‌ಫೈರ್ ಮೂರಕ್ಕೆ ಹೋದ್ರೆ, ಕಾಯಿಲ್ಲೇ ಕಳ್ಳ. 0302 ಅಲ್ಲೇ ಕೂತಿದ್ರೆ ಪ್ಲಗ್ ನೋಡಿ, ಆಮೇಲೆ ಇಂಜೆಕ್ಟರ್, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ).

ಉತ್ತರ: ನಿಂತಲ್ಲೇ ಟೆಸ್ಟ್ ಮಾಡಿ ಮಾರಾಯ್ರೆ. ಲೈಟ್ ಮಿನುಗೋವಾಗ ಓಡಿಸಿದ್ರೆ ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಡುತ್ತೆ. ಅದರ ರೇಟ್ ಕೇಳಿದ್ರೆ ಇಂಜೆಕ್ಟರ್ ಅಗ್ಗ ಅನ್ಸುತ್ತೆ.

ಪ್ರಶ್ನೆ ಕೇಳಿದವ: ಪಿ0303 ಬಂತು! ಎರಡನೇ ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದೆ, ಕಾಯಿಲ್‌ನ ರಬ್ಬರ್ ಬೂಟು ಉಬ್ಬಿ ಮೆತ್ತಗಾಗಿದೆ.

ಉತ್ತರ: ಆಯಿಲ್ ಸೋರದಂಗೆ ತಡೆಯೋ ವಾಲ್ವ್ ಕವರ್ ಗ್ಯಾಸ್ಕೆಟ್, ಪ್ಲಗ್ ಟ್ಯೂಬ್ ಸೀಲ್ ಮೊದಲು ಹಾಕ್ಸಿ. ಇಲ್ಲಾಂದ್ರೆ ಹೊಸ ಕಾಯಿಲೂ ಅದೇ ಆಯಿಲಲ್ಲಿ ನೆನೆಯುತ್ತೆ.