ಬೆಂಗಳೂರು–ಮಂಗಳೂರು: ಕಮ್ಮಿ ಖರ್ಚಲ್ಲಿ ಓಡಾಡೋಕೆ ಬಸ್ಸಾ, ರೈಲಾ?

ಪ್ರಶ್ನೆ (ತುಮಕೂರುರೋಡ್):

ಎಲ್ರಿಗೂ ನಮಸ್ಕಾರ. ತಂಗಿಗೆ ಮಂಗಳೂರಲ್ಲಿ ಕಾಲೇಜ್ ಸೀಟ್ ಸಿಕ್ಕಿ ಹಾಸ್ಟೆಲ್‌ಗೆ ಸೇರ್ಸಿದೀವಿ, ಇನ್ಮೇಲೆ ಅವಳು ಬರೋದು, ನಾವು ಹೋಗೋದು ಇದ್ದೇ ಇರುತ್ತೆ. ಫೀಸು, ಹಾಸ್ಟೆಲ್ಲು ಅಂತ ಈಗ್ಲೇ ಕೈ ಖಾಲಿ ಆಗಿರೋದ್ರಿಂದ ಓಡಾಟದ ಖರ್ಚು ಆದಷ್ಟು ಕಮ್ಮಿ ಮಾಡ್ಬೇಕು. ಅಪ್ಪನಿಗೆ ಅರವತ್ತು ದಾಟಿದೆ, ಮಂಡಿ ನೋವು, ರಾತ್ರಿ ಎಲ್ಲಾ ಕಾಲು ಮಡಚ್ಕೊಂಡು ಕೂರೋಕಾಗಲ್ಲ. ಅಮ್ಮನಿಗೆ ಘಾಟಿ ತಿರುವು ಶುರುವಾದ್ರೆ ಸಾಕು ವಾಂತಿ. ನನಗೆ ಹೇಗಾದ್ರೂ ನಡೆಯುತ್ತೆ. ರೈಲು ಅಗ್ಗ ಅಂತ ಎಲ್ರೂ ಹೇಳ್ತಾರೆ ಆದ್ರೆ ಯಾವಾಗ ನೋಡಿದ್ರೂ ವೇಟಿಂಗ್ ಲಿಸ್ಟ್, ಬಸ್ ಯಾವಾಗ್ಲೂ ಸಿಗುತ್ತೆ ಆದ್ರೆ ಮೂರು ಜನ ಹೋಗಿ ಬರೋ ಅಷ್ಟೊತ್ತಿಗೆ ದುಡ್ಡು ಎಲ್ಲಿ ಹೋಯ್ತು ಅಂತ ಗೊತ್ತಾಗಲ್ಲ. ಈ ರೂಟಲ್ಲಿ ರೆಗ್ಯುಲರ್ ಓಡಾಡೋರು ಯಾರಾದ್ರೂ ಇದ್ರೆ ನಿಜವಾಗ್ಲೂ ಏನು ಮಾಡ್ತೀರ ಹೇಳಿ.

ಸೈಡ್‌ಲೋಯರ್:

ನಿಮ್ಮ ಮನೆಯವರ ವಿಷ್ಯಕ್ಕೆ ಕಣ್ಮುಚ್ಕೊಂಡು ರೈಲು ಅಂತೀನಿ, ಅದೂ ಸ್ಲೀಪರ್ ಕ್ಲಾಸು. ರಾತ್ರಿ ರೈಲಿನ ಸ್ಲೀಪರ್ ಟಿಕೆಟ್ ಸರ್ಕಾರಿ ರಾಜಹಂಸ ಬಸ್ಸಿನ ಅರ್ಧ ರೇಟೂ ಆಗಲ್ಲ, ಪಲ್ಲಕ್ಕಿ, ಅಂಬಾರಿ ಥರದ ಮಲಗೋ ಬಸ್ಸಿಗೆ ಹೋಲಿಸಿದ್ರಂತೂ ಕೇಳ್ಲೇಬೇಡಿ. ಅಪ್ಪ ಕಾಲು ಚಾಚ್ಕೊಂಡು ಮಲಗ್ಬಹುದು, ಟಾಯ್ಲೆಟ್ ಕೈಗೆ ಸಿಗೋ ದೂರದಲ್ಲಿರುತ್ತೆ. ವಯಸ್ಸಾದವರಿಗೆ ಇದು ದೊಡ್ಡ ವಿಷ್ಯ ಕಣ್ರೀ, ಬಸ್ಸಲ್ಲಿ ಹೋಗ್ಬೇಕು ಅಂದ್ರೆ ಎಷ್ಟೋ ಜನ ಸಂಜೆಯಿಂದ್ಲೇ ನೀರು ಕುಡಿಯೋದು ಬಿಟ್ಬಿಡ್ತಾರೆ. ಅಮ್ಮನ ವಾಂತಿ ಸಮಸ್ಯೆಗೂ ರೈಲೇ ವಾಸಿ. ಘಾಟಿಯಲ್ಲಿ ರೈಲು ತುಂಬ ನಿಧಾನವಾಗಿ ಇಳಿಯುತ್ತೆ, ಶಿರಾಡಿ ರೋಡಲ್ಲಿ ಬಸ್ಸು ಎಡಕ್ಕೂ ಬಲಕ್ಕೂ ವಾಲಾಡೋ ಹಾಗೆ ಇಲ್ಲಿ ಇರಲ್ಲ.

ಈಗ ಒಂದು ಮುಖ್ಯವಾದ ವಿಷ್ಯ. ಟಿಕೆಟ್ ಬುಕ್ ಮಾಡುವಾಗ ಮೂರೂ ಜನರನ್ನ ಒಂದೇ ಟಿಕೆಟ್ಟಲ್ಲಿ ಹಾಕ್ಬೇಡಿ. ಅಪ್ಪ ಅಮ್ಮ ಇಬ್ಬರದ್ದೇ ಒಂದು ಟಿಕೆಟ್ ಮಾಡಿ, ನಿಮ್ಮದು ಬೇರೆ. ಲೋಯರ್ ಬರ್ತ್ ಕೋಟಾ ಅಂತ ಒಂದಿದೆ, 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ, ಆದ್ರೆ ಒಂದು ಟಿಕೆಟ್ಟಲ್ಲಿ ಒಬ್ರು ಇಲ್ಲ ಇಬ್ರು ಇದ್ರೆ ಮಾತ್ರ, ಆ ಇಬ್ರಿಗೂ ಆ ವಯಸ್ಸಾಗಿರ್ಬೇಕು. ನೀವು ಅದೇ ಟಿಕೆಟ್ಟಿಗೆ ಸೇರ್ಕೊಂಡ್ರೆ ಆ ಕೋಟಾ ಕೈತಪ್ಪುತ್ತೆ. ಎಷ್ಟೋ ಸಲ ಜನರಲ್ ಕೋಟಾದಲ್ಲಿ ವೇಟಿಂಗ್ ತೋರಿಸ್ತಿದ್ರೂ ಇದರಲ್ಲಿ ಸೀಟ್ ಇರುತ್ತೆ. ಸೀನಿಯರ್ ಸಿಟಿಜನ್ ರಿಯಾಯಿತಿ ಮಾತ್ರ 2020ರ ಮಾರ್ಚಲ್ಲಿ ನಿಲ್ಲಿಸಿದ್ದು ಇನ್ನೂ ಕೊಟ್ಟಿಲ್ಲ, ಅದನ್ನ ನಂಬ್ಕೊಂಡು ಲೆಕ್ಕ ಹಾಕ್ಬೇಡಿ.

ಬುಕಿಂಗ್ ಈಗ 60 ದಿನ ಮುಂಚೆ ಓಪನ್ ಆಗುತ್ತೆ, ಮೊದಲು 120 ದಿನ ಇತ್ತು, 2024ರ ನವೆಂಬರಿಂದ ಕಮ್ಮಿ ಮಾಡಿದ್ರು. ತಂಗಿ ಕಾಲೇಜಿನ ರಜಾ ಪಟ್ಟಿ ಮೊದ್ಲೇ ಕೊಟ್ಟಿರ್ತಾರಲ್ಲ, ಅದನ್ನ ಎದುರಿಗಿಟ್ಕೊಂಡು ದಸರಾ ದೀಪಾವಳಿ ತಾರೀಖು ಗುರುತು ಹಾಕಿ, ಓಪನ್ ಆದ ದಿನವೇ ಬುಕ್ ಮಾಡಿ. ಆನ್‌ಲೈನಲ್ಲಿ ಮಾಡೋದಾದ್ರೆ ಯುಪಿಐ ಇಂದ ಕಟ್ಟಿ, ಕಾರ್ಡಿಗಿಂತ ಯುಪಿಐಗೆ ಐಆರ್‌ಸಿಟಿಸಿ ಸರ್ವಿಸ್ ಚಾರ್ಜ್ ಕಮ್ಮಿ. ಸ್ಟೇಷನ್ ಕೌಂಟರಲ್ಲಿ ಆ ಚಾರ್ಜೂ ಇಲ್ಲ.

ಕುಡ್ಲದಿಂದ:

ಮೇಲಿನವರು ಹೇಳಿದ್ದು ಸರಿ ಉಂಟು, ಆದರೆ ರೈಲು ಎಲ್ಲಿ ಇಳಿಸ್ತದೆ ಅಂತ ನೋಡದೆ ಬುಕ್ ಮಾಡ್ಬೇಡಿ ಮಾರಾಯ್ರೆ. ಮಂಗಳೂರಲ್ಲಿ ಎರಡು ಸ್ಟೇಷನ್. ಸೆಂಟ್ರಲ್ ಅಂದ್ರೆ ಪೇಟೆ ಒಳಗೇ, ಹಂಪನಕಟ್ಟೆಗೆ ಹತ್ರ. ಜಂಕ್ಷನ್ ಅಂದ್ರೆ ಕಂಕನಾಡಿ ಆಚೆ ಪಡೀಲ್ ಕಡೆ, ಬೆಳಿಗ್ಗೆ ಬೇಗ ಇಳಿದ್ರೆ ಅಲ್ಲಿಂದ ಆಟೋದವರಿಗೆ ಕೊಡುವ ಹಣದಲ್ಲಿ ನಿಮ್ಮ ಟಿಕೆಟ್ ಉಳಿತಾಯ ಸುಮಾರು ಹೋಗ್ತದೆ. ಸ್ವಲ್ಪ ನಡೆದು ಮೇನ್ ರೋಡಿಗೆ ಬಂದ್ರೆ ಸಿಟಿ ಬಸ್ಸು ಸಿಗ್ತದೆ, ಆದ್ರೆ ಮಂಡಿ ನೋವಿನವರನ್ನು ಲಗೇಜ್ ಜೊತೆ ನಡೆಸ್ಲಿಕ್ಕೆ ಆಗ್ತದಾ? ಇನ್ನು ಪಂಚಗಂಗಾ ಎಕ್ಸ್‌ಪ್ರೆಸ್ ನೋಡಿ ಕಾರವಾರಕ್ಕೆ ಹೋಗುವ ರೈಲಲ್ವಾ, ಮಂಗಳೂರು ಸಿಕ್ಕೇ ಸಿಗ್ತದೆ ಅಂತ ತಿಳ್ಕೊಳ್ಬೇಡಿ. ಅದು ಪೇಟೆಗೆ ಬರುವುದೇ ಇಲ್ಲ, ಪಡೀಲ್ ಹತ್ರ ಬೈಪಾಸ್ ಹಿಡಿದು ಸೀದ ಸುರತ್ಕಲ್ ಕಡೆ ಹೋಗ್ತದೆ. ತಂಗಿಯ ಕಾಲೇಜು ಸುರತ್ಕಲ್ ಕಡೆ ಆದ್ರೆ ಅದೇ ಒಳ್ಳೆದು. ಯಾವ ಕಡೆ ಅಂತ ನೀವು ಹೇಳ್ಲೇ ಇಲ್ಲ.

ಸರ್ಕಾರಿ ಬಸ್ಸು ಬಿಜೈ ಸ್ಟ್ಯಾಂಡಿಗೆ ಬರ್ತದೆ. ಪಂಪ್‌ವೆಲ್, ಜ್ಯೋತಿ ಸರ್ಕಲ್ ದಾರಿಯಲ್ಲೇ ಸಿಗ್ತದೆ, ಕಂಡಕ್ಟರ್ ಹತ್ರ ಮೊದ್ಲೇ ಹೇಳಿದ್ರೆ ಇಳಿಸ್ತಾರೆ. ಮನೆ ಬಾಗಿಲಿಗೆ ಹತ್ರ ಇಳಿಯುವ ವಿಷಯದಲ್ಲಿ ಬಸ್ಸೇ ಮೇಲೆ.

ಇನ್ನೊಂದು, ಮಳೆಗಾಲ. ಜೂನಿಂದ ಸೆಪ್ಟೆಂಬರ್ ತನಕ ಯಾವುದನ್ನೂ ಪೂರ್ತಿ ನಂಬ್ಲಿಕ್ಕಾಗುದಿಲ್ಲ. 2024ರ ಜುಲೈ ಕೊನೆಗೆ ಘಾಟಿಯಲ್ಲಿ ಎಡಕುಮೇರಿ ಕಡಗರವಳ್ಳಿ ಸ್ಟೇಷನ್ ಮಧ್ಯೆ ಗುಡ್ಡ ಜರಿದು ಹಳಿ ಅಡಿಯ ಮಣ್ಣೇ ಹೋಯ್ತು, ಸುಮಾರು ದಿನ ರೈಲೇ ಇರ್ಲಿಲ್ಲ. ಶಿರಾಡಿ ಬಂದ್ ಆದ್ರೆ ಬಸ್ಸು ಚಾರ್ಮಾಡಿ ಮೇಲೋ, ಮಡಿಕೇರಿ ಸಂಪಾಜೆ ಮೇಲೋ ಸುತ್ತಿ ಆದ್ರೂ ಬರ್ತದೆ. ಹಳಿ ಹೋದ್ರೆ ರೈಲಿಗೆ ಹತ್ತಿರದ ಬೇರೆ ದಾರಿ ಎಲ್ಲುಂಟು? ರೈಲು ಕ್ಯಾನ್ಸಲ್ ಆದ್ರೆ ಪೂರ್ತಿ ಹಣ ವಾಪಸ್ ಬರ್ತದೆ, ಅದು ಬೇರೆ. ಆದ್ರೆ ಮರುದಿನ ಪರೀಕ್ಷೆ ಇರುವ ಹುಡುಗಿಗೆ ಹಣ ವಾಪಸ್ ಬಂದು ಎಂತ ಪ್ರಯೋಜನ? ಮಳೆಗಾಲದಲ್ಲಿ ಅಂಥ ದಿನ ಇದ್ರೆ ಒಂದು ದಿವಸ ಮೊದಲೇ ಹೊರಡ್ಲಿ.

ಹಾಸನದ_ಹುಡುಗಿ:

ತಂಗಿ ಬಗ್ಗೆ ಯಾರೂ ಶಕ್ತಿ ಯೋಜನೆ ಹೇಳ್ಲೇ ಇಲ್ವಲ್ಲ! 2023ರ ಜೂನ್ 11ರಿಂದ ಕರ್ನಾಟಕದ ಹೆಂಗಸರಿಗೆ ರಾಜ್ಯದೊಳಗೆ ಸಾಮಾನ್ಯ ಮತ್ತೆ ಎಕ್ಸ್‌ಪ್ರೆಸ್ ಬಸ್ಸು ಫ್ರೀ, ಇಲ್ಲಿನ ಅಡ್ರೆಸ್ ಇರೋ ಆಧಾರ್ ತೋರಿಸಿದ್ರೆ ಶೂನ್ಯ ಟಿಕೆಟ್ ಕೊಡ್ತಾರೆ. ಕೆಂಪು ಬಸ್ಸಲ್ಲಿ ಬೆಂಗಳೂರಿಂದ ಮಂಗಳೂರಿಗೆ ಅವಳಿಗೂ ಅಮ್ಮನಿಗೂ ಟಿಕೆಟ್ ಖರ್ಚೇ ಇಲ್ಲ. ರಾಜಹಂಸ, ನಾನ್ ಎಸಿ ಸ್ಲೀಪರ್, ಐರಾವತ ಇವಕ್ಕೆಲ್ಲ ಅನ್ವಯ ಆಗಲ್ಲ, ಪೂರ್ತಿ ದುಡ್ಡು ಕೊಡ್ಬೇಕು.

ನಾನು ಓದೋವಾಗಿಂದ ಈ ಬಸ್ಸಲ್ಲೇ ಓಡಾಡಿರೋದು. ಡೈರೆಕ್ಟ್ ಬಸ್ ಸಿಕ್ಕಿಲ್ಲ ಅಂದ್ರೆ ಹಾಸನಕ್ಕೆ ಬಂದು ಇಳಿದು ಅಲ್ಲಿಂದ ಇನ್ನೊಂದು ಹತ್ತೋದು. ಹಗಲಲ್ಲೇ ಹೋಗಿ. ಒಂದು ಕಡೆ ಮೂರು ಸೀಟು ಒಂದು ಕಡೆ ಎರಡು, ಬೆನ್ನು ನೆಟ್ಟಗಿರುತ್ತೆ, ರಾತ್ರಿ ನಿದ್ದೆ ಬರಲ್ಲ. ಶುಕ್ರವಾರ ಸಂಜೆ, ಭಾನುವಾರ ಸಂಜೆ ಮೆಜೆಸ್ಟಿಕಲ್ಲಿ ಹತ್ತೋಕೆ ಹೋಗ್ಬೇಡಿ, ಬಾಗಿಲ ಹತ್ರನೇ ನೂಕಾಟ ಇರುತ್ತೆ, ಕರ್ಚೀಫ್ ಹಾಕಿ ಹಿಡಿದ ಸೀಟಿಗೆ ಜಗಳ ಬೇರೆ. ಶನಿವಾರ ಬೆಳಿಗ್ಗೆ ಬೇಗ ಬಂದ್ರೆ ಕಿಟಕಿ ಸೀಟೇ ಸಿಗುತ್ತೆ. ಅಮ್ಮನ್ನ ಕರ್ಕೊಂಡು ಹೋದ್ರೆ ಮುಂದಿನ ಸೀಟಲ್ಲೇ ಕೂರಿಸಿ, ಹಿಂದಿನ ಚಕ್ರದ ಮೇಲೆ ಬೇಡ್ವೇ ಬೇಡ. ಸಕಲೇಶಪುರ ದಾಟೋಕೆ ಮುಂಚೆ ಹೊಟ್ಟೆ ತುಂಬ ತಿನ್ಬಾರ್ದು.

ಅಪ್ಪನಿಗೂ 60 ದಾಟಿರೋದ್ರಿಂದ ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಲ್ಲಿ 25% ರಿಯಾಯಿತಿ ಇದೆ. ಆದ್ರೆ ಆ ಮಂಡಿಗೆ ಈ ಸೀಟು ಬೇಡ, ಅವರನ್ನ ರೈಲಲ್ಲೇ ಕಳ್ಸಿ.

ತುಮಕೂರುರೋಡ್:

ಇಷ್ಟೆಲ್ಲ ಬಿಡಿಸಿ ಹೇಳಿದ್ದಕ್ಕೆ ತುಂಬ ಥ್ಯಾಂಕ್ಸ್. ಲೋಯರ್ ಬರ್ತ್ ಕೋಟಾ ವಿಷ್ಯ ಗೊತ್ತೇ ಇರ್ಲಿಲ್ಲ. ತಂಗಿ ಕಾಲೇಜು ಬಲ್ಮಠ ಹತ್ರ, ಹಾಗಾಗಿ ಸೆಂಟ್ರಲ್‌ಗೆ ಬರೋ ರೈಲೇ ನೋಡ್ತೀನಿ. ಈಗ ಉಳಿದಿರೋದು ಒಂದೇ, ಹಿಂದಿನ ದಿನ ಇದ್ದಕ್ಕಿದ್ದಂಗೆ ಹೊರಡ್ಬೇಕಾಗಿ ಬಂದ್ರೆ ಏನು ಮಾಡೋದು? ತತ್ಕಾಲ್ ನಂಬ್ಬಹುದಾ?

ಸೈಡ್‌ಲೋಯರ್:

ನಂಬಿ ಕೂರೋಕಾಗಲ್ಲ. ಹೊರಡೋ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ ಓಪನ್ ಆಗುತ್ತೆ, ವೀಕೆಂಡಲ್ಲಿ ಕಣ್ಣು ಮಿಟುಕಿಸೋದ್ರಲ್ಲಿ ಖಾಲಿ. ಐಆರ್‌ಸಿಟಿಸಿ ಅಕೌಂಟಿಗೆ ಆಧಾರ್ ವೆರಿಫೈ ಮಾಡಿಸಿಟ್ಕೊಳ್ಳಿ, 2025ರ ಜುಲೈಯಿಂದ ಅದಿಲ್ದೆ ತತ್ಕಾಲ್ ಆಗೋದೇ ಇಲ್ಲ. ಕನ್ಫರ್ಮ್ ಆದ ತತ್ಕಾಲ್ ಕ್ಯಾನ್ಸಲ್ ಮಾಡಿದ್ರೆ ಒಂದು ರೂಪಾಯಿನೂ ವಾಪಸ್ ಬರಲ್ಲ, ಹೋಗೋದು ಗ್ಯಾರಂಟಿ ಇದ್ರೆ ಮಾತ್ರ ಮಾಡಿ.

ನಾನು ಮಾಡೋದು ಹೀಗೆ. ಮಾಮೂಲಿ ಸ್ಲೀಪರ್ ವೇಟಿಂಗ್ ಲಿಸ್ಟಲ್ಲಿ ಹಾಕಿಡ್ತೀನಿ. ರಾತ್ರಿ ರೈಲಿಗೆ ಮೊದಲನೇ ಚಾರ್ಟ್, ಅಂದ್ರೆ ಯಾರಿಗೆ ಸೀಟ್ ಸಿಕ್ತು ಅನ್ನೋ ಪಟ್ಟಿ, ಈಗ ಮಧ್ಯಾಹ್ನದ ಹೊತ್ತಿಗೇ ಬರುತ್ತೆ, ಮೊದಲಿನ ಥರ ಸಂಜೆ ತನಕ ಉಸಿರು ಬಿಗಿ ಹಿಡ್ಕೊಂಡು ಕಾಯ್ಬೇಕಿಲ್ಲ. ಕನ್ಫರ್ಮೋ ಆರ್‌ಎಸಿನೋ ಆದ್ರೆ ರೈಲು, ಆರ್‌ಎಸಿ ಅಂದ್ರೆ ಅರ್ಧ ಬರ್ತ್ ಆದ್ರೂ ಹತ್ತೋಕೆ ಹಕ್ಕಿರುತ್ತೆ. ವೇಟಿಂಗಲ್ಲೇ ಉಳಿದ್ರೆ ಆನ್‌ಲೈನ್ ಟಿಕೆಟ್ ತಾನೇ ಕ್ಯಾನ್ಸಲ್ ಆಗಿ ಸ್ವಲ್ಪ ಹಿಡ್ಕೊಂಡು ಮಿಕ್ಕಿದ್ದು ಅಕೌಂಟಿಗೆ ಬರುತ್ತೆ, ಆ ಮಧ್ಯಾಹ್ನವೇ ರಾಜಹಂಸದಲ್ಲಿ ಸೀಟ್ ಹಿಡಿದುಬಿಡ್ತೀನಿ. ವೇಟಿಂಗ್ ಟಿಕೆಟ್ ಇಟ್ಕೊಂಡು ಸ್ಲೀಪರ್ ಬೋಗಿ ಮಾತ್ರ ಹತ್ಬೇಡಿ, ಈಗ ಬಿಡಲ್ಲ. ಟಿಕೆಟ್ ಮೇಲೆ ಪಿಕ್ಯೂಡಬ್ಲ್ಯೂಎಲ್ (ಚಿಕ್ಕ ಕೋಟಾದ ವೇಟಿಂಗ್ ಲಿಸ್ಟ್) ಅಂತ ಇದ್ರೆ ಅದು ಕನ್ಫರ್ಮ್ ಆಗೋದು ಕಷ್ಟ, ಆವಾಗ ಚಾರ್ಟಿಗೆ ಕಾಯದೆ ಬಸ್ ನೋಡ್ಕೊಳ್ಳಿ.

ಹಬ್ಬದ ಹಿಂದಿನ ದಿನಗಳಲ್ಲಿ ಈ ಉಪಾಯ ನಡೆಯಲ್ಲ, ಮಧ್ಯಾಹ್ನದಷ್ಟೊತ್ತಿಗೆ ಸರ್ಕಾರಿ ಬಸ್ಸೂ ತುಂಬಿರುತ್ತೆ, ಪ್ರೈವೇಟಲ್ಲಿ ರೇಟು ಎರಡು ಮೂರು ಪಟ್ಟು ಏರಿರುತ್ತೆ. ಒಂದು ಸಲ ದೀಪಾವಳಿಗೆ ಒಬ್ಬ ಪ್ರೈವೇಟ್ ಬಸ್ಸಿನವನು ನಮ್ಮ ಹತ್ರ ಕೇಳಿದ ರೇಟಲ್ಲಿ ಮನೆಮಂದಿಯೆಲ್ಲ ಸ್ಲೀಪರಲ್ಲಿ ಹೋಗಿ ಬರಬಹುದಿತ್ತು. ಹಬ್ಬಕ್ಕೆ ಅಂದ್ರೆ 60 ದಿನ ಮುಂಚಿನ ಬುಕಿಂಗ್ ಒಂದೇ ದಾರಿ.

ಬಸ್ಸೇ ಅಂತಾದ್ರೆ ಕೆಎಸ್‌ಆರ್‌ಟಿಸಿಯಲ್ಲಿ ಹೋಗೋದು ಬರೋದು ಎರಡೂ ಒಟ್ಟಿಗೆ ಬುಕ್ ಮಾಡಿ, ವಾಪಸ್ ಟಿಕೆಟ್ಟಿಗೆ 10% ಬಿಡ್ತಾರೆ. ನಾಲ್ಕು ಜನ ಒಂದೇ ಟಿಕೆಟ್ಟಲ್ಲಿದ್ರೆ 5% ಬಿಡ್ತಾರೆ, ತಂಗಿನೂ ಜೊತೆಗೆ ವಾಪಸ್ ಬರೋವಾಗ ಅದು ಉಪಯೋಗಕ್ಕೆ ಬರುತ್ತೆ.

ಕುಡ್ಲದಿಂದ:

ಬಲ್ಮಠ ಆದ್ರೆ ಬಸ್ಸಲ್ಲಿ ಬರುವಾಗ ಜ್ಯೋತಿಯಲ್ಲಿ ಇಳೀರಿ, ಬಿಜೈ ತನಕ ಹೋಗುವುದು ಬೇಡ. ಮತ್ತೆ ಒಮ್ಮೆ ಆದ್ರೂ ಅಪ್ಪ ಅಮ್ಮನನ್ನು ಹಗಲು ರೈಲಲ್ಲಿ ಕರ್ಕೊಂಡು ಬನ್ನಿ, ಯಶವಂತಪುರದಿಂದ ವಾರದಲ್ಲಿ ಕೆಲವು ದಿನ ಉಂಟು. ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿಯೇ ಬೇಕಂತ ಇಲ್ಲ, ಅದಕ್ಕೆ ಸುಮಾರು ಹಣ ಆಗ್ತದೆ. ಸೆಕೆಂಡ್ ಸಿಟ್ಟಿಂಗ್ ಸ್ಲೀಪರಿಗಿಂತಲೂ ಅಗ್ಗ, ಕಿಟಕಿ ತೆಗ್ದೇ ಇರ್ತದೆ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 50ಕ್ಕೂ ಹೆಚ್ಚು ಸುರಂಗ, ಒಂದು ಮುಗಿಯುವಾಗ ಹಸಿ ಮಣ್ಣಿನ ತಂಪು ಗಾಳಿ ಮುಖಕ್ಕೆ ಹೊಡೀತದೆ, ಕೆಳಗೆ ಹೊಳೆ ಕಾಣ್ತದೆ ಅನ್ನುವಷ್ಟರಲ್ಲಿ ಮತ್ತೊಂದು ಸುರಂಗ. ಹಗಲಿನ ರೈಲು ಹೆಚ್ಚಾಗಿ ಜಂಕ್ಷನಲ್ಲಿ ಇಳಿಸುವುದು, ಆ ದಿನ ಆಟೋಗೆ ಅಂತ ಸ್ವಲ್ಪ ಹಣ ತೆಗ್ದಿಡಿ.