ಅಪ್ಪೆಮಿಡಿ ಮೆತ್ತಗಾಗುವುದು ಯಾಕೆ?

ಪ್ರಶ್ನೆ: ಉಪ್ಪಿಗೆ ಹಾಕಿದ ಅಪ್ಪೆಮಿಡಿ (ಉಪ್ಪಿನಕಾಯಿಗೆ ಬಳಸುವ ಪರಿಮಳದ ಎಳೆ ಮಾವಿನಕಾಯಿ) ಎರಡೇ ತಿಂಗಳಲ್ಲಿ ಮೆತ್ತಗಾಗಿ, ಮೇಲೆ ಬಿಳಿ ಪದರ ಕಟ್ಟಿದೆ. ಉಪ್ಪು ಕಮ್ಮಿಯಾಯ್ತಾ, ಮಿಡಿಯದೇ ದೋಷವಾ?

ಉತ್ತರ 1: ಮೊದಲು ತೊಟ್ಟು ನೋಡಿ. ಅರ್ಧ ಇಂಚು ತೊಟ್ಟು ಇಲ್ಲದಿದ್ದರೆ ಸೊನೆ ಸೋರುತ್ತದೆ. ಪರಿಮಳವೂ ಹೋಯ್ತು, ಬಾಳಿಕೆಯೂ ಹೋಯ್ತು. ಮರ ಅಲ್ಲಾಡಿಸಿ ಉದುರಿಸಿದ್ದು ಬೇಡವೇ ಬೇಡ, ಪೆಟ್ಟು ಬಿದ್ದಲ್ಲಿಂದಲೇ ಕೊಳೆಯುತ್ತದೆ. ಗೊರಟು ಬಲಿತಿರಲೂಬಾರದು.

ಉತ್ತರ 2: ಬಿಳಿ ಪದರ ಬರುವುದು ಉಪ್ಪು ಸಾಲದೆ, ಇಲ್ಲವೇ ನೀರಿನ ಪಸೆ ಉಳಿದು. ತೊಳೆದ ಮಿಡಿ ಬಟ್ಟೆ ಮೇಲೆ ಪೂರ್ತಿ ಆರಲಿ. ಕೆಜಿಗೆ ಕಾಲು ಕೆಜಿ ಕಲ್ಲುಪ್ಪು, ಭರಣಿಯಲ್ಲಿ ಪದರ ಪದರವಾಗಿ, ದಿನಕ್ಕೊಮ್ಮೆ ಕುಲುಕಿ. ಹತ್ತು ದಿನಕ್ಕೆ ಮಿಡಿ ಮುರುಟುತ್ತದೆ. ಆಗ ಉಪ್ಪುನೀರು ಬಸಿದು ಕುದಿಸಿ, ತಣಿದ ಮೇಲೆ ಮೆಣಸಿನ ಪುಡಿ, ಸಾಸಿವೆ ಪುಡಿ ಕಲಸಿ ಸುರಿಯಿರಿ. ಮಿಡಿ ಮುಳುಗಿರಬೇಕು.

ಉತ್ತರ 1: ಮೆತ್ತಗಾದದ್ದು ಮತ್ತೆ ಗಟ್ಟಿಯಾಗದು, ಬಿಸಾಡಿ.